ಕೆರೆ ಏರಿಯ ಸುರಕ್ಷತೆ ಮತ್ತು ನಿರ್ವಹಣೆ: ಗ್ರಾಮ ಪಂಚಾಯತ್ ಸದಸ್ಯರಿಗಾಗಿ ಅಧ್ಯಯನ ಪಾಠ

ಕೆರೆ ತುಂಬಿ ಕೋಡಿ ಬಿದ್ದ ದಿನ ಊರಿಗೆ ಊರೇ ಏರಿಯ ಮೇಲೆ ನೆರೆಯುತ್ತದೆ. ಗಂಗಾಪೂಜೆ ನಡೆಯುತ್ತದೆ, ಬಾಗಿನ ಅರ್ಪಣೆಯಾಗುತ್ತದೆ. ಆ ಹೊತ್ತಿನಲ್ಲಿ ಎಲ್ಲರ ಮುಖ ನೀರಿನ ಕಡೆಗೆ, ಬೆನ್ನು ಅಚ್ಚುಕಟ್ಟಿನ ಕಡೆಗೆ ಇರುತ್ತದೆ. ಆದರೆ ಏರಿಯ ಆರೋಗ್ಯವನ್ನು ತಿಳಿಸುವ ಲಕ್ಷಣಗಳಲ್ಲಿ ಹೆಚ್ಚಿನವು ಕಾಣಿಸಿಕೊಳ್ಳುವುದು ಬೆನ್ನಿನ ಕಡೆಯಲ್ಲಿ, ಅಂದರೆ ಏರಿಯ ಹೊರಮೈಯಲ್ಲಿ ಮತ್ತು ಅದರ ಬುಡದಲ್ಲಿ. ಬಾಗಿನ ಬಿಟ್ಟ ನಂತರ ಹತ್ತು ನಿಮಿಷ ಕೆಳಗಿಳಿದು ಹೊರಬುಡದ ಉದ್ದಕ್ಕೂ ನಡೆದು ನೋಡುವವರು ವಿರಳ.

ಏರಿಯ ದುರಸ್ತಿ ಎಂಜಿನಿಯರರ ಕೆಲಸ. ಏರಿಯ ಮೇಲೆ ಕಣ್ಣಿಡುವುದು ಊರಿನ ಕೆಲಸ. ಸಣ್ಣ ಮಣ್ಣಿನ ಏರಿಯು ಒಡೆಯುವ ಮುನ್ನ ಬಹುತೇಕ ಸಂದರ್ಭಗಳಲ್ಲಿ ಬರಿಗಣ್ಣಿಗೆ ಕಾಣುವ ಸೂಚನೆ ನೀಡುತ್ತದೆ. ಆ ಸೂಚನೆಗಳನ್ನು ಗುರುತಿಸುವುದು, ದಾಖಲಿಸುವುದು ಮತ್ತು ಕಾಲಮಿತಿಯಲ್ಲಿ ಕ್ರಮ ವಹಿಸುವುದು ಹೇಗೆಂಬುದನ್ನು ಸದಸ್ಯರಿಗೆ ಪರಿಚಯಿಸುವುದು ಈ ಪಾಠದ ಉದ್ದೇಶವಾಗಿದೆ.

1. ಕೆರೆಯ ಹೊಣೆ ಯಾರದು

ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಇವುಗಳಲ್ಲಿ 40 ಹೆಕ್ಟೇರಿಗಿಂತ ಹೆಚ್ಚು ಮತ್ತು 2000 ಹೆಕ್ಟೇರ್‌ವರೆಗಿನ ಅಚ್ಚುಕಟ್ಟುಳ್ಳ ಕೆರೆಗಳು ಸಣ್ಣ ನೀರಾವರಿ ಇಲಾಖೆಯ ವ್ಯಾಪ್ತಿಗೆ ಸೇರಿದರೆ, 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟುಳ್ಳ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ವ್ಯಾಪ್ತಿಗೆ ಸೇರುತ್ತವೆ. ಸಂಖ್ಯೆಯಲ್ಲಿ ಇವೇ ಅಧಿಕ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯತ್‌ಗಳಿಗೆ ವಹಿಸಬಹುದಾದ ವಿಷಯಗಳ ಪೈಕಿ ಸಣ್ಣ ನೀರಾವರಿ, ನೀರಿನ ನಿರ್ವಹಣೆ ಮತ್ತು ಜಲಾನಯನ ಅಭಿವೃದ್ಧಿಯನ್ನು 3ನೇ ಬಾಬಿನಲ್ಲಿಯೇ ನಮೂದಿಸಲಾಗಿದೆ.

2021ರ ಅಣೆಕಟ್ಟು ಸುರಕ್ಷತಾ ಅಧಿನಿಯಮವು ದೇಶದ ದೊಡ್ಡ ಅಣೆಕಟ್ಟುಗಳ ನಿಯತ ತಪಾಸಣೆಗೆ ವ್ಯವಸ್ಥೆ ಮಾಡಿದೆ. ಆದರೆ ಅದು ಅನ್ವಯಿಸುವುದು 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ, ಹಾಗೂ ಉದ್ದ, ಸಂಗ್ರಹ ಮೊದಲಾದ ನಿಗದಿತ ಷರತ್ತುಗಳಿಗೆ ಒಳಪಟ್ಟ 10ರಿಂದ 15 ಮೀಟರ್ ಎತ್ತರದ ಕಟ್ಟೆಗಳಿಗೆ. ನಾಲ್ಕೈದು ಮೀಟರ್ ಎತ್ತರದ ಊರ ಕೆರೆಯ ಏರಿ ಆ ಪರಿಧಿಯೊಳಗೆ ಬರುವುದಿಲ್ಲ. ಆದ್ದರಿಂದ ಅಂತಹ ಏರಿಯನ್ನು ನೋಡಲು ಬೇರೆ ಯಾರಾದರೂ ಬರುವರೆಂದು ಕಾಯುವಂತಿಲ್ಲ.

ಏರಿ ಚಿಕ್ಕದಾದ ಮಾತ್ರಕ್ಕೆ ಅಪಾಯ ಚಿಕ್ಕದಲ್ಲ. 10 ಹೆಕ್ಟೇರ್ ಹರವಿನ ಕೆರೆಯಲ್ಲಿ ಸರಾಸರಿ ಒಂದೂವರೆ ಮೀಟರ್ ನೀರು ನಿಂತರೆ ಅದರ ಪ್ರಮಾಣ ಒಂದೂವರೆ ಲಕ್ಷ ಘನ ಮೀಟರ್, ತೂಕ ಒಂದೂವರೆ ಲಕ್ಷ ಟನ್. ಅದನ್ನು ಹಿಡಿದು ನಿಲ್ಲಿಸಿರುವುದು ಮಣ್ಣು ಮಾತ್ರ. ಏರಿಯ ಕೆಳಗೆ ಗದ್ದೆ, ತೋಟಗಳಷ್ಟೇ ಇದ್ದ ಕಾಲ ಹೋಗಿ, ಇಂದು ಅನೇಕ ಊರುಗಳಲ್ಲಿ ಮನೆ, ಅಂಗನವಾಡಿ, ರಸ್ತೆ, ವಿದ್ಯುತ್ ಪರಿವರ್ತಕಗಳು ಬಂದಿವೆ.

2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಚಿಪಳೂಣ ತಾಲ್ಲೂಕಿನ ತಿವರೆ ಎಂಬಲ್ಲಿ ಮಣ್ಣಿನ ಸಣ್ಣ ಅಣೆಕಟ್ಟೊಂದು ಒಡೆದು, ಕೆಳಗಿನ ಮನೆಗಳು ಕೊಚ್ಚಿಹೋಗಿ ಇಪ್ಪತ್ತರಷ್ಟು ಜನ ಅಸುನೀಗಿದರು. ಕಟ್ಟೆಯಲ್ಲಿ ನೀರು ಸೋರುತ್ತಿದೆಯೆಂದು ಗ್ರಾಮಸ್ಥರು ಮೊದಲೇ ದೂರಿದ್ದರು. ಅಲ್ಲಿ ಸೂಚನೆ ಇತ್ತು, ನೋಡಿದವರೂ ಇದ್ದರು. ನೋಡಿದ್ದು ಸಕಾಲದಲ್ಲಿ ಕೆಲಸವಾಗಿ ಪರಿಣಮಿಸಲಿಲ್ಲ. ಸದಸ್ಯರು ಈ ಪಾಠವನ್ನು ಓದುವಾಗ ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಉಚಿತ.

2. ಏರಿಯ ಅಂಗಗಳು

ಮುಂದಿನ ವಿವರಣೆಗೆ ಅನುಕೂಲವಾಗುವಂತೆ ಕೆಲವು ಪದಗಳನ್ನು ನಿಶ್ಚಿತ ಅರ್ಥದಲ್ಲಿ ಬಳಸಲಾಗಿದೆ.

ನೀರಿನ ಕಡೆಯ ಇಳಿಜಾರು ಒಳಮೈ. ಅಲೆಯ ಹೊಡೆತಕ್ಕೆ ಮಣ್ಣು ಕೊಚ್ಚದಂತೆ ಇಲ್ಲಿ ಕಲ್ಲುಹೊದಿಕೆ ಇರುತ್ತದೆ. ಅಚ್ಚುಕಟ್ಟಿನ ಕಡೆಯ ಇಳಿಜಾರು ಹೊರಮೈ. ಹೊರಮೈ ನೆಲವನ್ನು ಸೇರುವ ಗೆರೆಯೇ ಹೊರಬುಡ. ಏರಿಯ ಮೇಲಿನ ಸಮತಟ್ಟಾದ ಭಾಗ ನೆತ್ತಿ. ನೀರನ್ನು ಕಾಲುವೆಗೆ ಬಿಡುವ ದ್ವಾರ ತೂಬು. ಹೆಚ್ಚಾದ ನೀರು ತಾನಾಗಿ ಹೊರಹೋಗಲು ಕಲ್ಲಿನಿಂದ ಕಟ್ಟಿದ ತಗ್ಗು ಭಾಗ ಕೋಡಿ. ಅಲ್ಲಿಂದ ನೀರು ಹಳ್ಳಕ್ಕೆ ಸೇರುವ ದಾರಿ ಕೋಡಿಗಾಲುವೆ. ಕೋಡಿಯ ಮಟ್ಟದಿಂದ ಏರಿಯ ನೆತ್ತಿಯವರೆಗಿನ ಎತ್ತರವನ್ನು ಇಲ್ಲಿ ‘ಅಂತರ’ ಎಂದು ಕರೆಯಲಾಗಿದೆ. ಪಾಠದ ಮುಖ್ಯ ಲೆಕ್ಕವೆಲ್ಲ ಈ ಅಂತರಕ್ಕೆ ಸಂಬಂಧಿಸಿದ್ದು.

3. ಏರಿ ಒಡೆಯುವ ಮೂರು ಬಗೆ

ಮೊದಲನೆಯದು, ನೀರು ನೆತ್ತಿಯ ಮೇಲೆ ಉಕ್ಕಿ ಹರಿಯುವುದು. ಕಲ್ಲಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ನೀರು ಹರಿದರೂ ಕಟ್ಟೆ ನಿಲ್ಲಬಹುದು. ಮಣ್ಣಿನ ಏರಿ ನಿಲ್ಲುವುದಿಲ್ಲ. ಹೊರಮೈಯ ಇಳಿಜಾರಿನಲ್ಲಿ ವೇಗ ಪಡೆದ ನೀರು ಮೊದಲು ಸಣ್ಣ ಕೊರಕಲನ್ನು ಮಾಡುತ್ತದೆ; ಕೊರಕಲು ಹಿಂದಕ್ಕೆ ಸರಿಯುತ್ತಾ ನೆತ್ತಿಯನ್ನು ತಲುಪಿದರೆ ಏರಿ ಬಾಯಿ ಬಿಡುತ್ತದೆ.

ಎರಡನೆಯದು, ನೀರು ಏರಿಯ ಒಳಗಿನಿಂದ ಅಥವಾ ತಳದಿಂದ ಮಣ್ಣಿನ ಕಣಗಳನ್ನು ಹೊತ್ತು ಹೊರಬರುವುದು. ಈ ಸವೆತವು ಹೊರಮೈಯಲ್ಲಿ ಆರಂಭವಾಗಿ ಒಳಕ್ಕೆ ಕೊರೆಯುತ್ತಾ ಕೊಳವೆಯಾಗಿ ಬೆಳೆಯುತ್ತದೆ. ಕೊಳವೆಯ ತುದಿ ಕೆರೆಯ ನೀರನ್ನು ಮುಟ್ಟಿದ ಮೇಲೆ ತಡೆಯುವುದು ಬಹಳ ಕಷ್ಟ. 1976ರ ಜೂನ್ 5ರಂದು ಅಮೆರಿಕದ ಐಡಹೊ ರಾಜ್ಯದ ಟೀಟನ್ ಅಣೆಕಟ್ಟು ಒಡೆದದ್ದು ಹೀಗೆಯೇ. ಅದು 93 ಮೀಟರ್ ಎತ್ತರದ, ಆಗಷ್ಟೇ ಮೊದಲ ಬಾರಿಗೆ ತುಂಬುತ್ತಿದ್ದ ಮಣ್ಣಿನ ಅಣೆಕಟ್ಟು. ಅಂದು ಬೆಳಿಗ್ಗೆ ಕೆಸರು ನೀರು ಕಂಡಿತು. ರಂಧ್ರ ಮುಚ್ಚಲು ಯಂತ್ರಗಳನ್ನು ಇಳಿಸಲಾಯಿತು. ನಡು ಹಗಲಿನ ಹೊತ್ತಿಗೆ ಕಟ್ಟೆ ಕುಸಿದಿತ್ತು.

ಮೂರನೆಯದು, ಇಳಿಜಾರು ಜಾರುವುದು. ತೊಯ್ದು ಭಾರವಾದ ಮಣ್ಣು, ಕಡಿದಾದ ಮೈ, ಬುಡದಲ್ಲಿ ತೋಡಿದ ಗುಂಡಿ ಇವು ಸೇರಿದಾಗ ಏರಿಯ ಒಂದು ಪಾಲು ಕುಸಿಯುತ್ತದೆ. ಬಹುದಿನ ತುಂಬಿದ್ದ ಕೆರೆಯನ್ನು ಒಮ್ಮೆಲೇ ಬರಿದು ಮಾಡಿದರೆ ಒಳಮೈಯೂ ಜಾರಬಹುದು. ಹೊರಗಿನ ನೀರು ಇಳಿದರೂ ಮಣ್ಣಿನೊಳಗಿನ ನೀರು ಅಷ್ಟು ಬೇಗ ಇಳಿಯುವುದಿಲ್ಲ.

4. ಕೋಡಿಯ ಲೆಕ್ಕ

ಸದಸ್ಯರಿಗೆ ಪಂಚಾಯತಿಯ ಜಮಾಖರ್ಚು ಪರಿಚಿತ. ಕೋಡಿಯ ಸುರಕ್ಷತೆಯೂ ಅಂತಹುದೇ ಒಂದು ಜಮಾಖರ್ಚು. ಕೋಡಿಯಿಂದ ನೆತ್ತಿಯವರೆಗಿನ ಅಂತರವೇ ಜಮೆ. ಅದರಿಂದ ಏನೇನು ಕಳೆಯುತ್ತದೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು.

ಒಂದು ಕೆರೆಯ ಕೋಡಿ 20 ಮೀಟರ್ ಉದ್ದವಿದ್ದು, ಅಂತರ 150 ಸೆಂಟಿಮೀಟರ್ ಇದೆಯೆಂದು ಭಾವಿಸೋಣ. ದೊಡ್ಡ ಮಳೆಯಲ್ಲಿ ಕೋಡಿಯ ಮೇಲೆ 60 ಸೆಂಟಿಮೀಟರ್ ಎತ್ತರಕ್ಕೆ ನೀರು ಹರಿದರೆ, ಸೆಕೆಂಡಿಗೆ ಸುಮಾರು 16 ಘನ ಮೀಟರ್ ನೀರು ಹೊರಹೋಗುತ್ತದೆ. ಆಗ ನೀರಿನ ಮಟ್ಟಕ್ಕೂ ನೆತ್ತಿಗೂ ನಡುವೆ 90 ಸೆಂಟಿಮೀಟರ್ ಉಳಿಯುತ್ತದೆ. ಅಲೆ, ಗಾಳಿಗಳಿಗೆ ಇದು ಸಾಕು. ಕೆರೆ ಸುರಕ್ಷಿತ.

ಕೋಡಿಯ ಅರ್ಧ ಭಾಗವನ್ನು ಪೊದೆ, ಕಲ್ಲು, ಕಸಗಳು ಮುಚ್ಚಿದರೆ ಅದೇ ನೀರು ಉಳಿದ 10 ಮೀಟರಿನಲ್ಲಿಯೇ ಹೋಗಬೇಕು. ಅದಕ್ಕೆ 95 ಸೆಂಟಿಮೀಟರ್ ಎತ್ತರ ಬೇಕಾಗುತ್ತದೆ. ಉಳಿಕೆ 55 ಸೆಂಟಿಮೀಟರ್.

ಹೆಚ್ಚು ನೀರು ನಿಲ್ಲಲೆಂದು ಕೋಡಿಯ ಮೇಲೆ 45 ಸೆಂಟಿಮೀಟರ್ ಎತ್ತರಕ್ಕೆ ಮರಳಿನ ಚೀಲಗಳನ್ನು ಜೋಡಿಸಿದ್ದರೆ ಉಳಿಕೆ 10 ಸೆಂಟಿಮೀಟರ್.

ದನಕರು ಇಳಿಯುವ ಜಾಗದಲ್ಲಿಯೋ, ಟ್ರ್ಯಾಕ್ಟರ್ ಹತ್ತುವ ಜಾಗದಲ್ಲಿಯೋ ನೆತ್ತಿಯು 30 ಸೆಂಟಿಮೀಟರ್ ತಗ್ಗಿದ್ದರೆ ಲೆಕ್ಕ ಸೊನ್ನೆಗಿಂತ ಕೆಳಗಿಳಿಯುತ್ತದೆ. ಆ ತಗ್ಗಿನಲ್ಲಿ 20 ಸೆಂಟಿಮೀಟರ್ ನೀರು ಏರಿಯ ಮೇಲೆ ಹರಿಯುತ್ತದೆ. ಏರಿ ಒಡೆಯುವುದು ಅಲ್ಲಿಯೇ.

ಈ ನಾಲ್ಕು ಸಂದರ್ಭಗಳಲ್ಲಿಯೂ ಮಳೆ ಒಂದೇ, ಕೆರೆಯೂ ಒಂದೇ. ಪೊದೆ, ಚೀಲ, ತಗ್ಗು ಇವು ಮೂರೂ ಬೇಸಿಗೆಯಲ್ಲಿಯೇ ಕಣ್ಣಿಗೆ ಕಾಣುತ್ತಿದ್ದವು. ಮೂರನ್ನೂ ಕೆಲವು ಆಳುಗಳ ಕೆಲಸದಿಂದ ಸರಿಪಡಿಸಬಹುದಾಗಿತ್ತು. ಒಂದೊಂದನ್ನೇ ನೋಡಿದಾಗ ಯಾವುದೂ ದೊಡ್ಡ ತಪ್ಪೆಂದು ತೋರುವುದಿಲ್ಲ. ಕೂಡಿದಾಗ ಏರಿ ಉಳಿಯುವುದಿಲ್ಲ. 2022ರ ಮಳೆಗಾಲದಲ್ಲಿ ದಕ್ಷಿಣ ಕರ್ನಾಟಕದ ಹಲವು ಕೆರೆಗಳು ಒಡೆದು, ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯೇ ಜಲಾವೃತವಾಗಿತ್ತು. ಅಂತಹ ಮಳೆ ಯಾವ ವರ್ಷ ಬರುವುದೆಂದು ಹೇಳಲಾಗದು. ಕೋಡಿ ಮಾತ್ರ ಪ್ರತಿ ವರ್ಷವೂ ಅದಕ್ಕೆ ಸಿದ್ಧವಾಗಿರಬೇಕು.

ಕೋಡಿಯನ್ನು ಎತ್ತರಿಸಬೇಕೆಂಬ ಬೇಡಿಕೆ ಅಚ್ಚುಕಟ್ಟಿನ ರೈತರಿಂದ ಬರುವುದು ಸಹಜ. ಕೆರೆಯಂಗಳದ ಅಂಚಿನಲ್ಲಿ ಜಮೀನುಳ್ಳವರಿಂದ ಕೋಡಿಯನ್ನು ತಗ್ಗಿಸಬೇಕೆಂಬ ಬೇಡಿಕೆ ಬರುವುದೂ ಸಹಜ. ಮೀನು ಹೊರಹೋಗದಂತೆ ಕೋಡಿಗೆ ಬಲೆ ಕಟ್ಟುವ ರೂಢಿಯೂ ಇದೆ. ಪ್ರವಾಹದಲ್ಲಿ ತೇಲಿಬಂದ ಸೊಪ್ಪುಸದೆ ಆ ಬಲೆಗೆ ಸಿಕ್ಕಿ ಬಲೆಯೇ ಗೋಡೆಯಾಗುತ್ತದೆ. ಇವುಗಳಿಗೆ ಬೇಡವೆನ್ನುವುದು ಚುನಾಯಿತ ಸದಸ್ಯರಿಗೆ ಸುಲಭವಲ್ಲ. ಆದ್ದರಿಂದ ಎಂಜಿನಿಯರರ ಲಿಖಿತ ಅಭಿಪ್ರಾಯವಿಲ್ಲದೆ ಕೋಡಿಯ ಮಟ್ಟವನ್ನು ಒಂದು ಅಂಗುಲವೂ ಬದಲಿಸುವಂತಿಲ್ಲವೆಂದು ಸಾಮಾನ್ಯ ಸಭೆಯಲ್ಲಿ ಒಮ್ಮೆ ಠರಾವು ಮಾಡಿಡುವುದು ಉತ್ತಮ. ಮಳೆಗಾಲದ ನಡುವೆ ಒಬ್ಬ ಸದಸ್ಯನ ಮೇಲೆ ಬೀಳುವ ಒತ್ತಡವನ್ನು ಆ ಠರಾವು ಹೊರುತ್ತದೆ. ಮೀನುಗಾರಿಕೆಯ ಗುತ್ತಿಗೆ ನೀಡುವಾಗಲೂ ಕೋಡಿಗೆ ತಡೆ ಒಡ್ಡಬಾರದೆಂಬ ಷರತ್ತನ್ನು ಕರಾರಿನಲ್ಲಿ ಸೇರಿಸಬೇಕು.

5. ಒಸರುವ ನೀರಿನ ಭಾಷೆ

ಮಣ್ಣಿನ ಏರಿ ಎಂದಮೇಲೆ ಅಷ್ಟಿಷ್ಟು ಒಸರುವುದು ಸಹಜ. ಒಸರು ಇದೆಯೇ ಎಂಬುದಕ್ಕಿಂತ ಅದು ಬದಲಾಗುತ್ತಿದೆಯೇ, ಮಣ್ಣನ್ನು ಹೊತ್ತು ತರುತ್ತಿದೆಯೇ ಎಂಬುದೇ ಮುಖ್ಯ ಪ್ರಶ್ನೆ.

ಇಂದಿನ ಆಂಧ್ರಪ್ರದೇಶದ ಕಡಪ ಜಿಲ್ಲೆಯ ಪೋರುಮಾಮಿಳ್ಳ ಕೆರೆಯ ಬಳಿ ವಿಜಯನಗರ ಕಾಲದ, 1369ರ ಒಂದು ಸಂಸ್ಕೃತ ಶಾಸನವಿದೆ. ಉತ್ತಮ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಗೆ ಬರಬಹುದಾದ 6 ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ಕಟ್ಟೆಯಿಂದ ನೀರು ಸೋರುವುದು ಆ ದೋಷಗಳಲ್ಲಿ ಒಂದು. ಆರೂವರೆ ಶತಮಾನಗಳ ಹಿಂದಿನ ಆ ಅನುಭವ ಇಂದಿಗೂ ಬದಲಾಗಿಲ್ಲ.

ಒಸರನ್ನು ಅಳೆಯಲು ಒಂದು ಬಕೆಟ್, ಒಂದು ಗಡಿಯಾರ ಮತ್ತು ಒಂದು ಗಾಜಿನ ಬಾಟಲಿ ಸಾಕು. ಹೊರಬುಡದಲ್ಲಿ ಒಸರುವ ನೀರನ್ನು ಸಣ್ಣ ಚರಂಡಿಯ ಮೂಲಕ ಒಂದೆಡೆಗೆ ತಂದು, ತುಂಡು ಕೊಳವೆಯಿಟ್ಟು ಬಕೆಟಿಗೆ ಬೀಳುವಂತೆ ಮಾಡಬೇಕು. 10 ಲೀಟರಿನ ಬಕೆಟ್ 40 ಸೆಕೆಂಡಿನಲ್ಲಿ ತುಂಬಿದರೆ ಹರಿವು ಸೆಕೆಂಡಿಗೆ ಕಾಲು ಲೀಟರ್. ಆ ದಿನ ಕೆರೆಯಲ್ಲಿ ನೀರಿನ ಮಟ್ಟವೆಷ್ಟಿತ್ತೆಂಬುದನ್ನೂ ಜೊತೆಗೆ ಬರೆದಿಡಬೇಕು. ಮರುವರ್ಷ ಅದೇ ಮಟ್ಟದಲ್ಲಿ ಬಕೆಟ್ 20 ಸೆಕೆಂಡಿಗೇ ತುಂಬಿದರೆ ಒಸರು ಇಮ್ಮಡಿಯಾಗಿದೆ ಎಂದರ್ಥ. ಹಳೆಯ ಲೆಕ್ಕವಿಲ್ಲದಿದ್ದರೆ ಈ ಬದಲಾವಣೆ ಯಾರ ಗಮನಕ್ಕೂ ಬರುವುದಿಲ್ಲ. ಮೊದಲಿನಿಂದಲೂ ಹೀಗೆಯೇ ಸೋರುತ್ತಿದೆ ಎಂಬ ಮಾತಿನಲ್ಲಿ ಅದು ಮುಚ್ಚಿಹೋಗುತ್ತದೆ.

ಅದೇ ನೀರನ್ನು ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಬೇಕು. ತಿಳಿಯಾಗಿದ್ದರೆ ಗಮನದಲ್ಲಿಟ್ಟುಕೊಂಡರೆ ಸಾಕು. ಕದಡಿದ್ದರೆ, ಅಥವಾ ಅರ್ಧ ಗಂಟೆ ನಿಂತ ಮೇಲೆ ತಳದಲ್ಲಿ ಮಣ್ಣು ಕಂಡರೆ, ಆ ಮಣ್ಣು ಏರಿಯ ಹೊಟ್ಟೆಯಿಂದ ಬಂದದ್ದು. ಅದೇ ದಿನ ಎಂಜಿನಿಯರರಿಗೆ ತಿಳಿಸಬೇಕು; ಮುಂದಿನ ಸಭೆಯವರೆಗೆ ಕಾಯಬಾರದು.

ಬೇಸಿಗೆಯಲ್ಲಿಯೂ ಒಸರು ಗುರುತು ಬಿಡುತ್ತದೆ. ಸುತ್ತಲ ಹುಲ್ಲು ಒಣಗಿದಾಗಲೂ ಹೊರಮೈಯ ಒಂದು ಕಡೆ ಮಾತ್ರ ಹಸಿರು ಉಳಿದಿದ್ದರೆ, ಹೊರಬುಡದಲ್ಲಿ ಜೊಂಡು ಬೆಳೆದಿದ್ದರೆ, ಕಾಲಿಟ್ಟಾಗ ನೆಲ ಮೆತ್ತಗೆ ಕುಸಿದರೆ ಆ ಸ್ಥಳಗಳನ್ನು ಗುರುತುಕಲ್ಲು ನೆಟ್ಟು ದಾಖಲಿಸಬೇಕು.

6. ಮರ, ಹುತ್ತ, ಬಿಲ ಮತ್ತು ಬಿರುಕು

ಏರಿಯ ಮೇಲೆ ನೆರಳಿರಲೆಂದು ಗಿಡ ನೆಡುವ ಕಾರ್ಯಕ್ರಮಗಳು ಸದುದ್ದೇಶದಿಂದಲೇ ನಡೆಯುತ್ತವೆ. ಆದರೆ ಏರಿಯ ಮೈ ಮರಗಳಿಗೆ ತಕ್ಕ ಜಾಗವಲ್ಲ. ಬೇರು ಮಣ್ಣನ್ನು ಸಡಿಲಿಸುತ್ತದೆ. ಬಿರುಗಾಳಿಗೆ ಮರ ಬುಡಸಮೇತ ಉರುಳಿದರೆ ಏರಿಯ ಒಂದು ಪಾಲನ್ನೇ ಕಿತ್ತುಕೊಂಡು ಹೋಗುತ್ತದೆ. ಮರ ಸತ್ತ ಮೇಲೆ ಕೊಳೆತ ಬೇರಿನ ಜಾಡೇ ನೀರಿಗೆ ಕೊಳವೆಯಾಗುತ್ತದೆ. ಏರಿಗೆ ಹುಲ್ಲಿನ ಹೊದಿಕೆಯೇ ಶ್ರೇಷ್ಠ. ಗಿಡ ನೆಡಲು ಹೊರಬುಡದಿಂದ ದೂರದಲ್ಲಿ ಸ್ಥಳ ಗುರುತಿಸಬೇಕು.

ಸೀಮೆಜಾಲಿ ಮೊದಲಾದ ಪೊದೆಗಳನ್ನು ಎಳೆಯದಿರುವಾಗಲೇ ಬೇರುಸಹಿತ ಕೀಳುವುದು ಸುಲಭ. ಈಗಾಗಲೇ ದೊಡ್ಡದಾಗಿರುವ ಮರವನ್ನು ಅವಸರದಲ್ಲಿ ಕಡಿದು ಬೊಡ್ಡೆಯನ್ನು ಹಾಗೆಯೇ ಬಿಡುವುದು ಮರವನ್ನು ಉಳಿಸಿಕೊಳ್ಳುವುದಕ್ಕಿಂತಲೂ ಅಪಾಯಕರ. ಎಂಜಿನಿಯರರ ಸಲಹೆ ಮತ್ತು ಅರಣ್ಯ ಇಲಾಖೆಯ ಅನುಮತಿ ಪಡೆದು, ಕೆರೆಯಲ್ಲಿ ನೀರು ಕಡಿಮೆ ಇರುವಾಗ ಬೇರುಗಳನ್ನೂ ತೆಗೆದು, ಗುಂಡಿಯನ್ನು 15 ಸೆಂಟಿಮೀಟರಿನಷ್ಟು ಪದರಪದರವಾಗಿ ಮಣ್ಣು ತುಂಬಿ ದಮ್ಮಸು ಮಾಡಬೇಕು. ಮಣ್ಣಿನ ಹದವನ್ನು ಕೈಯಲ್ಲಿಯೇ ಪರೀಕ್ಷಿಸಬಹುದು: ಮುಷ್ಟಿಯಲ್ಲಿ ಹಿಡಿದಾಗ ಉಂಡೆಯಾಗಬೇಕು, ಅಂಗೈಗೆ ಅಂಟಬಾರದು. ಒಣ ಮಣ್ಣನ್ನು ಸುರಿದು ಮೇಲೆ ನೀರು ಹಾಯಿಸಿದರೆ ಅದು ದಮ್ಮಸಾಗುವುದಿಲ್ಲ.

ಇಲಿ, ಹೆಗ್ಗಣ, ಏಡಿಗಳ ಬಿಲಗಳನ್ನು ಕಂಡಾಗಲೇ ಅಗೆದು, ಜಿಗುಟು ಮಣ್ಣು ತುಂಬಿ ಗುದ್ದಿ ಮುಚ್ಚಬೇಕು. ಬಾಯಿಗೆ ಮಾತ್ರ ಕಲ್ಲು ಒಡ್ಡುವುದರಿಂದ ಪ್ರಯೋಜನವಿಲ್ಲ. ಗೆದ್ದಲಿನ ಹುತ್ತದ ಒಳಗೆ ಕಣ್ಣಿಗೆ ಕಾಣದ ಪೊಳ್ಳುಗಳಿರುತ್ತವೆ. ಏರಿಯ ಮೇಲಿನ ಹುತ್ತ ಊರಿನವರ ಪೂಜೆಗೆ ಪಾತ್ರವಾಗಿದ್ದರೆ ಏಕಾಏಕಿ ಕೈಹಾಕದೆ, ಹಿರಿಯರು ಮತ್ತು ಅರ್ಚಕರೊಡನೆ ಮಾತನಾಡಿ, ಏರಿಯ ಆಚೆ ನಾಗರಕಲ್ಲಿಗೆ ಪೂಜೆಯನ್ನು ಸ್ಥಳಾಂತರಿಸುವ ದಾರಿ ಹುಡುಕಬೇಕು. ಏರಿ ಉಳಿಯುವುದು ಆ ಹಿರಿಯರ ಗದ್ದೆಗಾಗಿಯೂ ಹೌದೆಂಬುದನ್ನು ವಿವರಿಸಿದರೆ ಒಪ್ಪಿಗೆ ದೊರೆಯುವುದು ಕಷ್ಟವಲ್ಲ.

ಬಿರುಕುಗಳಲ್ಲಿ ಎರಡು ವಿಧ. ಏರಿಯ ಉದ್ದಕ್ಕೆ ಹೋಗುವ ಬಿರುಕು ಮೈ ಜಾರುವ ಸೂಚನೆಯಾಗಿರಬಹುದು. ಅಡ್ಡಲಾಗಿ, ಅಂದರೆ ಒಳಮೈಯಿಂದ ಹೊರಮೈಗೆ ಹೋಗುವ ಬಿರುಕು ಇನ್ನೂ ಗಂಭೀರ. ಅದು ನೀರಿಗೆ ನೇರ ದಾರಿ. ಎರಡರ ಉದ್ದ, ಅಗಲಗಳನ್ನು ಅಳೆದು, ತುದಿಗಳಲ್ಲಿ ಗೂಟ ಹೊಡೆದು, ವಾರದ ನಂತರ ಬೆಳೆದಿದೆಯೇ ಎಂದು ನೋಡಬೇಕು. ಎರೆಮಣ್ಣಿನ ಏರಿಗಳಲ್ಲಿ ಬೇಸಿಗೆಯ ಬಿರುಕು ಸಾಮಾನ್ಯ. ಆದರೂ ಮಳೆಗೆ ಮುನ್ನ ಅವುಗಳನ್ನು ಅಗೆದು ತುಂಬಲೇಬೇಕು.

7. ತೂಬು, ಪೈಪು ಮತ್ತು ಅಗೆತ

ಏರಿಯೊಳಗೆ ಮಣ್ಣಲ್ಲದ ವಸ್ತು ಎಲ್ಲಿದೆಯೋ ಅಲ್ಲಿ ಅದರ ಮೈಗುಂಟ ನೀರು ದಾರಿ ಹುಡುಕುತ್ತದೆ. ಆದ್ದರಿಂದ ತೂಬಿನ ಕೊಳವೆ ಹೊರಬರುವ ಜಾಗ ಏರಿಯ ಅತ್ಯಂತ ಸೂಕ್ಷ್ಮ ಸ್ಥಾನ. ತೂಬು ಮುಚ್ಚಿದ್ದಾಗಲೂ ಕೊಳವೆಯ ಸುತ್ತ ನೀರು ಬರುತ್ತಿದ್ದರೆ ಅದನ್ನು ಉಪೇಕ್ಷಿಸಬಾರದು. ತೂಬು ಸಲೀಸಾಗಿ ತೆರೆದು ಮುಚ್ಚುವಂತಿರಬೇಕು. ತುರ್ತಿನಲ್ಲಿ ಕೆರೆಯ ಮಟ್ಟವನ್ನು ಇಳಿಸಲು ಅದೊಂದೇ ಸಾಧನ. ಮಳೆಗಾಲಕ್ಕೆ ಮುನ್ನ ಪೂರ್ತಿ ತೆರೆದು ಮುಚ್ಚಿ ಪರೀಕ್ಷಿಸಬೇಕು.

ಪಂಪ್‌ಸೆಟ್ಟಿನ ಪೈಪನ್ನು ಏರಿಯ ಒಳಗೆ ಕಾಲುವೆ ತೋಡಿ ಹೂಳುವುದು ಕೆಲವೆಡೆ ರೂಢಿಯಾಗಿದೆ. ಇದಕ್ಕೆ ಅವಕಾಶ ಕೊಡಕೂಡದು. ಕುಡಿಯುವ ನೀರಿನ ಕೊಳವೆ, ಕೇಬಲ್ ಮೊದಲಾದ ಪಂಚಾಯತಿಯ ಅಥವಾ ಇತರ ಸಂಸ್ಥೆಗಳ ಕಾಮಗಾರಿಗಳಿಗೂ ಇದೇ ನಿಯಮ ಅನ್ವಯಿಸಬೇಕು. 2019ರ ನವೆಂಬರ್ 24ರಂದು ಬೆಂಗಳೂರಿನ ಹುಳಿಮಾವು ಕೆರೆಯ ಏರಿಯು ಅಲ್ಲಿ ನಡೆದ ಅಗೆತದ ಬೆನ್ನಲ್ಲೇ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಅದು ಪ್ರವಾಹದಿಂದ ಆದ ಅನಾಹುತವಲ್ಲ.

ಹೂಳೆತ್ತುವ ಕಾಮಗಾರಿಯಲ್ಲಿಯೂ ಎಚ್ಚರ ಅಗತ್ಯ. ಒಳಮೈಯ ಬುಡದಲ್ಲಿ ವರ್ಷಗಳಿಂದ ಕುಳಿತ ನುಣುಪಾದ ಹೂಳು ಒಸರನ್ನು ತಡೆಯುವ ಹೊದಿಕೆಯೂ ಹೌದು. ಏರಿಗೆ ಹತ್ತಿರವೆಂದು ಅಲ್ಲಿಯೇ ಆಳವಾಗಿ ತೋಡಿದರೆ ಹೊದಿಕೆ ಹರಿಯುತ್ತದೆ, ಏರಿಯ ಬುಡಕ್ಕೆ ಆಸರೆ ತಪ್ಪುತ್ತದೆ. ಎಂಜಿನಿಯರರು ಗೆರೆ ಹಾಕಿಕೊಟ್ಟ ನಂತರವೇ ಯಂತ್ರ ಇಳಿಯಬೇಕು. ಹೊರಬುಡಕ್ಕೆ ಹೊಂದಿಕೊಂಡು ಕೃಷಿಹೊಂಡ, ಬಾವಿ, ಮಣ್ಣಿನ ಗುಂಡಿಗಳನ್ನು ತೋಡುವುದಕ್ಕೂ ಅವಕಾಶವಿಲ್ಲ.

8. ವರ್ಷದ ಮೂರು ನಡಿಗೆ

ಮೊದಲ ನಡಿಗೆ ಏಪ್ರಿಲ್–ಮೇ ತಿಂಗಳಿನಲ್ಲಿ, ರೋಹಿಣಿ ಮಳೆಗೆ ಮುನ್ನ. ಕೋಡಿ, ಕೋಡಿಗಾಲುವೆ, ನೆತ್ತಿಯ ತಗ್ಗು, ಬಿಲ, ಬಿರುಕು, ಜರುಗಿದ ಕಲ್ಲುಹೊದಿಕೆ, ತೂಬು ಇವೆಲ್ಲವನ್ನೂ ನೋಡಿ, ಕೂಡಲೇ ಮಾಡಬಹುದಾದ ಕೆಲಸಗಳನ್ನು ಮುಗಿಸಬೇಕು. ನೆತ್ತಿಯ ತಗ್ಗು ತುಂಬುವಾಗ ಮಳೆನೀರು ಒಳಮೈ ಕಡೆಗೆ ಇಳಿಯುವಂತೆ ಸ್ವಲ್ಪ ಓರೆ ಕೊಡಬೇಕು.

ಎರಡನೆಯ ನಡಿಗೆ ಕೆರೆ ತುಂಬಿದಾಗ. ಹಳೆ ಮೈಸೂರು ಭಾಗದಲ್ಲಿ ಇದು ಬಹುಮಟ್ಟಿಗೆ ಹಸ್ತ, ಚಿತ್ತೆ ಮಳೆಗಳ ಕಾಲ. ಈ ಬಾರಿ ಮುಖ್ಯವಾಗಿ ಹೊರಮೈ ಮತ್ತು ಹೊರಬುಡವನ್ನು ನೋಡಬೇಕು, ಒಸರನ್ನು ಅಳೆಯಬೇಕು. ಕೆರೆ ತುಂಬಿರುವಷ್ಟು ಕಾಲ ವಾರಕ್ಕೊಮ್ಮೆ, ಜೋರು ಮಳೆಯ ದಿನಗಳಲ್ಲಿ ದಿನಕ್ಕೆರಡು ಬಾರಿ ಈ ನಡಿಗೆ ನಡೆಯಬೇಕು.

ಮೂರನೆಯದು ಡಿಸೆಂಬರ್–ಜನವರಿಯಲ್ಲಿ. ಮಳೆಗಾಲದಲ್ಲಿ ಕಂಡ ದೋಷಗಳಿಗೆ ಅಂದಾಜು ಪಟ್ಟಿ ತಯಾರಿಸಲು ಕೋರಿ, ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಸೇರಿಸಲು ಇದೇ ತಕ್ಕ ಸಮಯ.

ಇದೆಲ್ಲವನ್ನೂ ಬರೆದಿಡಲು ಪ್ರತಿ ಕೆರೆಗೆ ಒಂದು ಪುಸ್ತಕವಿರಬೇಕು. ದಿನಾಂಕ, ನೀರಿನ ಮಟ್ಟ, ಕಂಡದ್ದು, ಮಾಡಿದ್ದು, ಸಹಿ ಎಂಬ ಐದು ಅಂಕಣಗಳು ಸಾಕು. ಏರಿಯ ಉದ್ದಕ್ಕೂ 30 ಮೀಟರಿಗೊಂದು ಸಂಖ್ಯೆಯ ಕಲ್ಲು ನೆಟ್ಟರೆ, ದೋಷ ಎಲ್ಲಿದೆಯೆಂದು ಬರೆಯುವುದು ಸುಲಭವಾಗುತ್ತದೆ.

9. ತುರ್ತು ಸಂದರ್ಭದಲ್ಲಿ

ಕೆಸರು ನೀರಿನ ಒಸರು ಹೆಚ್ಚುತ್ತಿದ್ದರೆ, ಮೈ ಕುಸಿಯುತ್ತಿದ್ದರೆ, ಅಥವಾ ನೀರು ನೆತ್ತಿಯನ್ನು ಸಮೀಪಿಸುತ್ತಿದ್ದರೆ ಈ ಕ್ರಮದಲ್ಲಿ ನಡೆದುಕೊಳ್ಳುವುದು.

ಮೊದಲು ಜನ. ಏರಿಯ ಕೆಳಗಿನ ಮನೆಗಳವರನ್ನು ಎತ್ತರದ ಜಾಗಕ್ಕೆ ಕಳುಹಿಸಬೇಕು. ಧ್ವನಿವರ್ಧಕ, ತಮಟೆ, ದೇವಸ್ಥಾನದ ಗಂಟೆ ಯಾವುದಾದರೂ ಆಗಬಹುದು. ಆದರೆ ಸಂಕೇತ ಯಾವುದೆಂದು ಮಳೆಗಾಲಕ್ಕೆ ಮುನ್ನವೇ ಊರಿಗೆ ತಿಳಿದಿರಬೇಕು. 112ಕ್ಕೆ ಕರೆ ಮಾಡಿ, ತಹಶೀಲ್ದಾರರು, ತಾಲ್ಲೂಕು ಪಂಚಾಯತ್ ಕಾರ್ಯನಿರ್ವಾಹಕ ಅಧಿಕಾರಿ ಮತ್ತು ಎಂಜಿನಿಯರರಿಗೆ ತಿಳಿಸಬೇಕು. ಕೆಳಗಿನ ಕೆರೆಯಿರುವ ಪಂಚಾಯತಿಗೂ ತಪ್ಪದೆ ತಿಳಿಸಬೇಕು. ನಮ್ಮ ಕೆರೆಗಳು ಸರಣಿಯಲ್ಲಿವೆ. ಮೇಲಿನ ಕೆರೆ ಒಡೆದರೆ ಅದರ ನೀರೆಲ್ಲ ಕೆಳಗಿನ ಏರಿಯ ಮೇಲೆ ಬರುತ್ತದೆ.

ಏರಿಯ ಮೇಲೆ ವಾಹನ ಸಂಚಾರ ನಿಲ್ಲಿಸಬೇಕು. ತೂಬನ್ನು ತೆರೆಯಬೇಕು. ಪ್ರಾಣಾಪಾಯವಿಲ್ಲದಿದ್ದರೆ ಕೋಡಿಯ ಮೇಲಿನ ತಡೆಗಳನ್ನು ತೆಗೆಯಬೇಕು. ನೀರು ಇಳಿಸಲೆಂದು ಏರಿಯನ್ನು ಯಂತ್ರದಿಂದ ಕತ್ತರಿಸುವುದು ಸರ್ವಥಾ ಸಲ್ಲದು. ಕತ್ತರಿಸಿದ ಮಣ್ಣನ್ನು ನೀರೇ ಅಗಲಿಸುತ್ತದೆ, ಮತ್ತೆ ಹಿಡಿತಕ್ಕೆ ಸಿಗುವುದಿಲ್ಲ.

ಹೊರಬುಡದಲ್ಲಿ ಕೆಸರು ನೀರು ಉಕ್ಕುತ್ತಿರುವ ಬಾಯಿಗೆ ಜೇಡಿಮಣ್ಣು ಮೆತ್ತಬಾರದು. ಅಲ್ಲಿ ಕಟ್ಟಿದರೆ ನೀರು ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ. ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿಯನ್ನು ಪದರವಾಗಿ ಹರಡಿ, ಸುತ್ತ ಮರಳಿನ ಚೀಲಗಳನ್ನು ಬಳೆಯಂತೆ ಜೋಡಿಸಬೇಕು. ನೀರು ಹೊರಬರಲಿ, ಮಣ್ಣು ಉಳಿಯಲಿ ಎಂಬುದು ಇದರ ತತ್ತ್ವ. ಒಳಮೈ ಬಳಿ ನೀರಿನಲ್ಲಿ ಸುಳಿ ಕಂಡರೆ ಯಾರೂ ನೀರಿಗಿಳಿಯಬಾರದು. ಮರಳು, ಜಲ್ಲಿ, ಖಾಲಿ ಚೀಲ, ಟಾರ್ಚುಗಳನ್ನು ಮೇ ತಿಂಗಳಿನಲ್ಲಿಯೇ ಏರಿಯ ಸಮೀಪ ಸಂಗ್ರಹಿಸಿಡಬೇಕು.

10. ನೀರುಗಂಟಿಯ ಹೆಸರು, ನೀರುಗಂಟಿಯ ಕೆಲಸ

ಹಿಂದೆ ಕೆರೆ ಕಟ್ಟಿದವರಿಗೆ, ಕಾಯ್ದವರಿಗೆ ಭೂಮಿ ಬಿಟ್ಟುಕೊಡುವ ಪದ್ಧತಿ ಇತ್ತು. ಕಟ್ಟುಗೊಡಗೆ ಎಂಬ ಹೆಸರಿನಲ್ಲಿ ಅದು ನಮ್ಮ ಶಾಸನಗಳಲ್ಲಿ ದಾಖಲಾಗಿದೆ. ಕಟ್ಟುವುದು ಒಮ್ಮೆ, ಕಾಯುವುದು ಸದಾ ಎಂಬ ತಿಳಿವಳಿಕೆ ಅದರ ಹಿಂದಿತ್ತು. ತೂಬು ತೆರೆದು ಮುಚ್ಚಿ, ಏರಿಯ ಮೇಲೆ ದಿನವೂ ಅಡ್ಡಾಡುತ್ತಿದ್ದವನು ನೀರುಗಂಟಿ. ಇಂದು ಆ ಹೆಸರು ಗ್ರಾಮ ಪಂಚಾಯತಿಯಲ್ಲಿ ಉಳಿದಿದೆ. ಆದರೆ ಕೆಲಸ ಕೊಳವೆಬಾವಿ ಮತ್ತು ವಾಲ್ವುಗಳಿಗೆ ಸರಿದಿದೆ. ಏರಿಯ ಮೇಲೆ ಅಡ್ಡಾಡುವ ಕಾಲು ಇಲ್ಲವಾಗಿದೆ.

ಆ ಕಾಲನ್ನು ಮರಳಿ ಏರಿಗೆ ತರುವುದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಪ್ರತಿ ಕೆರೆಗೆ ಒಬ್ಬ ಸದಸ್ಯ, ಒಬ್ಬ ಸಿಬ್ಬಂದಿ ಮತ್ತು ಅಚ್ಚುಕಟ್ಟಿನ ಇಬ್ಬರು ರೈತರನ್ನು ಠರಾವಿನ ಮೂಲಕ ಹೆಸರಿಸಬಹುದು. ಕೆರೆ ಬಳಕೆದಾರರ ಸಂಘ ಇರುವಲ್ಲಿ ಅದನ್ನೇ ಬಳಸಿಕೊಳ್ಳಬಹುದು. ಹೆಸರಿಸಿದವರು ಬರೆದ ಪುಸ್ತಕವನ್ನು ಪ್ರತಿ ಸಾಮಾನ್ಯ ಸಭೆಯಲ್ಲಿ ಓದಿ, ಕೈಗೊಂಡ ಕ್ರಮವನ್ನು ನಡವಳಿಯಲ್ಲಿ ದಾಖಲಿಸಬೇಕು. ಸೋರಿಕೆಯನ್ನು ಕಂಡವನ ಮಾತು ಸಭೆಯ ಮೇಜಿಗೆ ಬರುವ ದಾರಿ ಇದು.

ಸಭೆಯಲ್ಲಿ ಚರ್ಚೆಗೆ

ಮುಂದಿನ ಸಾಮಾನ್ಯ ಸಭೆಗೆ ಮುನ್ನ ಪ್ರತಿ ಸದಸ್ಯರೂ ತಮ್ಮ ವ್ಯಾಪ್ತಿಯ ಕೆರೆಯ ಏರಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೆತ್ತಿಯ ಮೇಲೆ ಒಮ್ಮೆ, ಹೊರಬುಡದಲ್ಲಿ ಒಮ್ಮೆ ನಡೆದು, ಈ ಪ್ರಶ್ನೆಗಳಿಗೆ ಉತ್ತರ ಬರೆದು ತರುವುದು.

ಅ. ಕೋಡಿಯಿಂದ ನೆತ್ತಿಯ ಅತಿ ತಗ್ಗಾದ ಜಾಗಕ್ಕೆ ಅಂತರವೆಷ್ಟು? ಕೋಡಿಯ ಉದ್ದದಲ್ಲಿ ಎಷ್ಟು ಭಾಗ ಮುಚ್ಚಿದೆ?

ಆ. ಹೊರಬುಡದಲ್ಲಿ ಒಸರು ಇದೆಯೇ? ತಿಳಿಯೇ, ಕೆಸರೇ? ಬಕೆಟ್ ತುಂಬಲು ಎಷ್ಟು ಸೆಕೆಂಡು?

ಇ. ತೂಬು ಪೂರ್ತಿ ತೆರೆಯುತ್ತದೆಯೇ? ಕೊನೆಯ ಬಾರಿ ತೆರೆದದ್ದು ಯಾವಾಗ?

ಈ. ಏರಿಯ ಮೈಯಲ್ಲಿ ಮರ, ಹುತ್ತ, ಬಿಲ, ಬಿರುಕು, ಹೂತ ಪೈಪುಗಳೆಷ್ಟು?

ಉ. ಏರಿ ಒಡೆದರೆ ಮೊದಲು ನೀರು ನುಗ್ಗುವ ಮನೆಗಳು ಯಾವುವು? ಆ ಮನೆಗಳಲ್ಲಿ ನಡೆಯಲಾರದ ವೃದ್ಧರು, ಬಾಣಂತಿಯರು, ಅಂಗವಿಕಲರು ಇದ್ದಾರೆಯೇ?

ಐದನೆಯ ಪ್ರಶ್ನೆಗೆ ಉತ್ತರವನ್ನು ಆ ಮನೆಗಳಿಗೆ ಹೋಗಿಯೇ ಬರೆಯತಕ್ಕದ್ದು. ಮುಂದಿನ ಬಾಗಿನದ ದಿನ ಪೂಜೆ ಮುಗಿದ ಮೇಲೆ ಸದಸ್ಯರು ಹೊರಬುಡಕ್ಕೆ ಇಳಿದು ನಡೆಯುವುದನ್ನು ಊರಿನ ವಾಡಿಕೆಯಾಗಿ ಮಾಡಿದರೆ, ಈ ಪಾಠದ ಉದ್ದೇಶ ಈಡೇರಿದಂತೆ.